ಗಬ್ಬದ ಎಮ್ಮೆ ಹಾಗಿದ್ದ ವಾಕರ್: ಒಂದು ಸೆಕೆಂಡ್‌ಹ್ಯಾಂಡ್ ಎಟಿ-ಎಟಿ ಸರಿ ಮಾಡಿದ ಕತೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಟೀವಿ ಪಕ್ಕ ಏಳು ತಿಂಗಳು ನಿಂತು, ಅದ್ರಲ್ಲಿ ಮೂರು ಸಲ ಬಿದ್ದು, ಕಡೆಗೆ ಒಂದು ಲೆಕ್ಕಕ್ಕೆ ಬಂದ ಲೆಗೊ (ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ) ವಾಕರಿನ ಕತೆ ಇದು. ಸೆಟ್ ತಂದು ಪುಸ್ತಕ ನೋಡಿ ಕಟ್ಟಿದ್ದು ಅಲ್ಲ, ಬೇರೆಯವ್ರು ಕಟ್ಟಿ ಹಾಳು ಮಾಡಿದ್ದನ್ನು (ಹಾಳು ಅಂತ ಆಗ ಅಂದ್ಕೊಂಡಿದ್ದೆ) ತಂದು ಸರಿ ಮಾಡಿದ್ದು. ಬರ್ದು ಇಡುವ ಅಂತ ಅನ್ಸಿದ್ದು ಯಾಕೆಂದ್ರೆ ನಾನು ಮಾಡಿದ ತಪ್ಪುಗಳೆಲ್ಲ ಒಂದೇ ಜಾತಿಯವು, ಇನ್ನೊಬ್ರಿಗೆ ಅಷ್ಟು ಟೈಮ್ ಹಾಳಾಗುದು ಬೇಡ.

ಗೊತ್ತಿಲ್ಲದವ್ರಿಗೆ ಚೂರು ಹೇಳ್ತೇನೆ. 1980ರ ಸ್ಟಾರ್ ವಾರ್ಸ್ ಸಿನೆಮಾದಲ್ಲಿ ಹಿಮದ ಮೇಲೆ ನಡ್ಕೊಂಡು ಬರುವ ನಾಲ್ಕು ಕಾಲಿನ ದೊಡ್ಡ ಯುದ್ಧದ ಗಾಡಿ ಉಂಟಲ್ಲ, ಅದೇ ಎಟಿ-ಎಟಿ, ನಡೆಯುದ್ರಿಂದ ವಾಕರ್ ಅಂತಲೂ ಹೇಳ್ತಾರೆ. ಮಂಡೆ ಮುಂದೆ ಚಾಚಿಕೊಂಡು, ಗಲ್ಲದ ಅಡಿಯಲ್ಲಿ ಎರಡು ದೊಡ್ಡ ಗನ್, ಕೆನ್ನೆಯ ಆಚೆ ಈಚೆ ಎರಡು ಸಣ್ಣ ಗನ್. ಲೆಗೊದವ್ರು ಇದನ್ನು ಎಷ್ಟೋ ಸಲ ತಂದಿದ್ದಾರೆ, 2003ರಲ್ಲಿ 4483 ನಂಬರಿನದ್ದು, 2007ರಲ್ಲಿ ಮೋಟಾರ್ ಹಾಕಿ ನಿಜವಾಗಿ ನಡೆಯುವ 10178, 2014ರಲ್ಲಿ 75054, ಆಮೇಲೆ 2021ರಲ್ಲಿ 6,785 ತುಂಡಿನ 62 ಸೆಂಟಿಮೀಟರ್ ಎತ್ತರದ ಮಹಾ ದೊಡ್ಡದು. ಆ ದೊಡ್ಡದ್ದು ನಮ್ಮ ಮನೆಗೆ ಬಂದ್ರೆ ನಾವು ಹೊರಗೆ ಪ್ಯಾಸೇಜಲ್ಲಿ ಮಲ್ಗಬೇಕಷ್ಟೆ.

ನಾನು ತಂದದ್ದು 75054 ಅಂತ ಹೇಳಿ ಮಾರಿದ ಒಂದು ಸೆಕೆಂಡ್‌ಹ್ಯಾಂಡ್, ಆರೂವರೆ ಸಾವಿರ ಕೊಟ್ಟು. ಡಬ್ಬಿ ಇಲ್ಲ, ಪುಸ್ತಕ ಇಲ್ಲ. ಠಾಣೆ ಸ್ಟೇಷನ್ನಿನ ಹೊರಗೆ ಒಂದು ಅಕ್ಕಿ ಚೀಲದಲ್ಲಿ ಹಾಕಿ ಕೊಟ್ಟ ಪುಣ್ಯಾತ್ಮ, ಸ್ಲೋ ಲೋಕಲ್ಲಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಮನೆಗೆ ಬಂದು ಲೈಟಿನ ಅಡಿಯಲ್ಲಿ ನೋಡಿದ್ರೆ ಎರಡು ಬಣ್ಣದ ಬೂದು. ಲೆಗೊದ ಬೂದು ಬಣ್ಣ 2004ರ ಸುಮಾರಿಗೆ ಬದಲಾಗಿದೆ, ಅದ್ಕಿಂತ ಹಳೇದು ಸ್ವಲ್ಪ ಹಳದಿ ಕಡೆಗೆ, ಆಮೇಲಿಂದು ಸ್ವಲ್ಪ ನೀಲಿ ಕಡೆಗೆ. ಕಾಲು ಪೂರ್ತಿ ಹಳೇ ಬೂದು, ಮೈ ಹೊಸ ಬೂದು. ಅಂದ್ರೆ ಎರಡು ವಾಕರ್ ಸತ್ತು ಒಂದು ಹುಟ್ಟಿದ್ದು. ಮಾರಿದವನಿಗೆ ಫೋನ್ ಮಾಡಿದೆ, ರಿಂಗ್ ಆಯ್ತು, ಎತ್ತಲಿಲ್ಲ. ಹೋಗ್ಲಿ.

ಬಣ್ಣ ಬಿಡಿ, ನಂಗೆ ಕಣ್ಣಿಗೆ ಕುತ್ತಿದ್ದು ಅದ್ರ ನಿಲುವು. ಎಂತದೋ ಸರಿ ಇಲ್ಲ, ಎಂತ ಅಂತ ಗೊತ್ತಾಗುದಿಲ್ಲ. ಯಕ್ಷಗಾನದಲ್ಲಿ ವೇಷ ಕಟ್ಟುವಾಗ ಸೊಂಟದ ಕಟ್ಟು ನಾಲ್ಕು ಬೆರಳು ಕೆಳಗೆ ಬಂದ್ರೆ ಎಷ್ಟು ದೊಡ್ಡ ವೇಷಧಾರಿಯೂ ಗಿಡ್ಡ ಕಾಣ್ತಾನೆ, ನೋಡುವವ್ರಿಗೆ ಕಾರಣ ಗೊತ್ತಿರುದಿಲ್ಲ ಆದ್ರೆ ವೇಷ ಏರುದಿಲ್ಲ, ಹಾಗೆ. ಸಿನೆಮಾದಲ್ಲಿ ಅದು ಎತ್ತರದಿಂದ ನಮ್ಮನ್ನು ನೋಡ್ತದೆ, ನನ್ನದು ಬಸ್ ಸ್ಟ್ಯಾಂಡಿನ ದನದ ಹಾಗೆ ಸುಮ್ನೆ ನಿಂತಿತ್ತು.

ಅಳತೆ ತೆಗೆಯುವ ಅಂತ ಕೂತೆ. ಮೊದಲ ತಪ್ಪು ಇಲ್ಲೇ, ನಿಜವಾದ ಎತ್ತರ ಎಷ್ಟು ಅಂತ ಹುಡುಕ್ಲಿಕ್ಕೆ ಹೋದೆ. ಹಳೇ ಪುಸ್ತಕಗಳಲ್ಲಿ 15 ಮೀಟರ್ ಚಿಲ್ಲರೆ, ಈಚಿನದ್ರಲ್ಲಿ 22 ಮೀಟರ್ ಚಿಲ್ಲರೆ. ಇಲ್ಲದ ಗಾಡಿಗೆ ಎರಡೆರಡು ಎತ್ತರ! ಲೆಗೊ ಗೊಂಬೆಯಿಂದ ಲೆಕ್ಕ ಹಾಕುವ ಅಂದ್ರೆ ಅದೂ ಕಷ್ಟ, ಗೊಂಬೆ ಎತ್ತರ 4 ಸೆಂಟಿಮೀಟರ್, ಮನುಷ್ಯ 1.75 ಮೀಟರ್ ಅಂದ್ರೆ 1ಕ್ಕೆ 44 ಸ್ಕೇಲ್ ಆಯ್ತು, ಅದ್ರಲ್ಲಿ 22.5 ಮೀಟರಿನ ಗಾಡಿ 51 ಸೆಂಟಿಮೀಟರ್ ಬರ್ತದೆ. ಆದ್ರೆ ಗೊಂಬೆ ಗಿಡ್ಡ ಮತ್ತೆ ಅಗಲ, ಅಗಲದಿಂದ ಲೆಕ್ಕ ಹಾಕಿದ್ರೆ ಬೇರೆಯೇ ಸ್ಕೇಲ್. ಎರಡು ದಿನ ಮಂಡೆಬಿಸಿ ಮಾಡ್ಕೊಂಡು ಕಡೆಗೆ ಅದನ್ನೆಲ್ಲ ಬಿಟ್ಟೆ. ಬೇಕಾದ್ದು ಎತ್ತರ ಅಲ್ಲ, ಪ್ರಮಾಣ. ಸೈಡಿಂದ ತೆಗೆದ ಸಿನೆಮಾದ ಫೋಟೋ ಮೊಬೈಲಲ್ಲಿ ದೊಡ್ಡ ಮಾಡಿ, ಮೇಲೆ ಸ್ಕೇಲ್ ಇಟ್ಟು, ನೆಲದಿಂದ ಹೊಟ್ಟೆಯ ಅಡಿವರೆಗೆ ಎಷ್ಟು, ನೆಲದಿಂದ ಬೆನ್ನಿನವರೆಗೆ ಎಷ್ಟು, ಎರಡೇ ನಂಬರ್ ತೆಗೆದೆ. ಹೊಟ್ಟೆಯ ಅಡಿ ಹೆಚ್ಚುಕಮ್ಮಿ ಅರ್ಧ ಎತ್ತರದಲ್ಲಿ ಬರ್ತದೆ. ಕ್ಯಾಮೆರಾ ಕೋನದ ತಪ್ಪು ಹಿಡಿದ್ರೂ ನೂರಕ್ಕೆ 46ರಿಂದ 50ರ ಒಳಗೆ.

ನನ್ನದು? ಒಟ್ಟು 330 ಮಿಲಿಮೀಟರ್, ಹೊಟ್ಟೆಯ ಅಡಿ 130. ನೂರಕ್ಕೆ 39. ಸಿಕ್ಕಿತು ಕಳ್ಳ ಅಂತ ಖುಷಿ ಆಯ್ತು, ಕಾಲು ಗಿಡ್ಡ!

ಕಾಲು ಗಿಡ್ಡ ಅಂದ್ರೆ ಕಾಲು ಉದ್ದ ಮಾಡ್ಬೇಕು ಅಲ್ವಾ. ಟೆಕ್ನಿಕ್ ಅಂದ್ರೆ ಲೆಗೊದಲ್ಲೇ ತೂತಿರುವ ಪಟ್ಟಿ (ಬೀಮ್) ಮತ್ತೆ ಪಿನ್ನಿನ ಜಾತಿ, ಅದ್ರ ಬೀಮಿನ ತೂತಿಂದ ತೂತಿಗೆ 8 ಮಿಮೀ, ತೊಡೆಗೆ ಎರಡು ತೂತು, ಕೆಳಗಿನ ಕಾಲಿಗೆ ಮೂರು ತೂತು, ಒಟ್ಟು 40 ಮಿಮೀ ಹೆಚ್ಚು ಮಾಡಿದೆ. ಒಂದು ಭಾನುವಾರ ಪೂರ್ತಿ ಹೋಯ್ತು ಅದ್ರಲ್ಲಿ. ಈಗ ಹೊಟ್ಟೆ 170, ಒಟ್ಟು 370, ನೂರಕ್ಕೆ 45.9. ಲೆಕ್ಕ ಪಾಸ್. ಟೇಬಲ್ ಮೇಲೆ ನಿಲ್ಲಿಸಿ ಕೈ ಬಿಟ್ಟೆ, ಒಂದು ಕ್ಷಣ ನಿಂತು, ಮುಂದಿನ ಎರಡೂ ಮಂಡಿ ಒಟ್ಟಿಗೆ ಮಡ್ಚಿ, ದೇವ್ರ ಎದುರು ಅಡ್ಡ ಬೀಳುವ ಹಾಗೆ ಬಿತ್ತು. ಗಲ್ಲದ ಗನ್ ಒಂದು ಸೋಫಾದ ಅಡಿಗೆ ಹೋಗಿ ಇವತ್ತಿಗೂ ಸಿಕ್ಕಲಿಲ್ಲ.

ನಾಲ್ಕು ದಿನ ಅದನ್ನು ಮುಟ್ಟಲಿಲ್ಲ, ಬೊಡಿದಿತ್ತು. ಹಳೇ ಕಾಲನ್ನೇ ಪುನಃ ಹಾಕಿ ಮೂಲೆಯಲ್ಲಿ ನಿಲ್ಲಿಸಿದ್ದೆ. ಅಮ್ಮ ಕಾರ್ಕಳದಿಂದ ಬಂದಿದ್ರು ಆಗ, ಮೊಣಕಾಲಿನ ಡಾಕ್ಟ್ರಿಗೆ ತೋರಿಸ್ಲಿಕ್ಕೆ. ಊರಲ್ಲಿ ಮೂವತ್ತು ವರ್ಷ ಎಮ್ಮೆ ಸಾಕಿದವ್ರು. ಬಸಳೆ ಸೋಸ್ತಾ ಕೂತವ್ರು ಅದನ್ನೇ ನೋಡಿ ನೋಡಿ, "ಇದೆಂತದು, ಗಬ್ಬದ ಎಮ್ಮೆಯ ಹಾಗೆ ಹೊಟ್ಟೆ ಜೋತಿದೆ" ಅಂದ್ರು.

ನಾನು ನಗಾಡಿದೆ. ಆಮೇಲೆ ನಗು ನಿಂತಿತು. ನೆಲದಿಂದ ಹೊಟ್ಟೆಗೆ 130 ಅಂತ ಬರ್ದಿಟ್ಟವ ನಾನು, ಆ ನಂಬರಿಗೆ ಎರಡು ತುದಿ ಉಂಟು ಅಂತ ತಲೆಗೆ ಹೋಗ್ಲಿಲ್ಲ. ನೆಲವನ್ನು ಕೆಳಗೆ ದೂಡುದು ಒಂದು ದಾರಿ, ಹೊಟ್ಟೆಯನ್ನು ಮೇಲೆ ಎತ್ತುದು ಇನ್ನೊಂದು.

ಅಡಿಮೇಲು ಮಾಡಿ ಹೊಟ್ಟೆಯ ಪ್ಲೇಟುಗಳನ್ನು (ಲೆಗೊದ ತೆಳು ಚಪ್ಪಟೆ ತುಂಡು) ಕಿತ್ತೆ. ಒಳಗೆ ಖಾಲಿ. ಸುತ್ತ ಒಂದು ಚೌಕಟ್ಟು, ಎರಡೂ ಬದಿಯಲ್ಲಿ ಅಂಚು, ಒಂದು ಬದಿಯಲ್ಲಿ ವಯರ್ ಹೋಗುವಷ್ಟು ಸಂದು. ತೊಟ್ಟಿಲು ಮಾರ್ರೆ! ಬ್ಯಾಟರಿ ಡಬ್ಬಿ ಕೂರ್ಸುವ ತೊಟ್ಟಿಲು. ಹಳೇ ಓನರ್ ಇದನ್ನು 10178ರ ಹಾಗೆ ನಡೆಸ್ಲಿಕ್ಕೆ ನೋಡಿದ್ದಾನೆ, ಮೋಟಾರು ಬ್ಯಾಟರಿ ಎಲ್ಲ ತೆಗೆದಿಟ್ಕೊಂಡು ಉಳಿದದ್ದು ನಂಗೆ ಮಾರಿದ್ದಾನೆ. ಅಲ್ಲಿಂದ ಒಂದೊಂದೇ ಬಿಚ್ಚಿಕೊಳ್ತಾ ಹೋಯ್ತು. ಮಂಡಿಯಲ್ಲಿ ಹಾಕಿದ ಪಿನ್ ನೋಡಿದೆ, ಬೂದು. ಟೆಕ್ನಿಕ್‌ನಲ್ಲಿ ಕಪ್ಪು ಪಿನ್ನಿಗೆ ಸಣ್ಣ ಗೀರುಗಳು ಇರ್ತವೆ, ತೂತಿನೊಳಗೆ ಬಿಗಿ ಹಿಡಿತದೆ. ಬೂದು ಪಿನ್ ನುಣ್ಣಗೆ, ಸಲೀಸಾಗಿ ತಿರುಗ್ತದೆ. ನಡೆಯುವ ಕಾಲಿಗೆ ನುಣ್ಣಗಿನದ್ದೇ ಬೇಕು, ಇಲ್ಲಾಂದ್ರೆ ಮೋಟಾರಿನ ಶಕ್ತಿ ಎಲ್ಲ ಉಜ್ಜಾಟಕ್ಕೇ ಹೋಗ್ತದೆ. ನಿಲ್ಲುವ ಕಾಲಿಗೆ ಅದು ಯಮ.

ಹಾಗಾದ್ರೆ ಗಿಡ್ಡ ಕಾಲಲ್ಲಿ ಮೊದಲು ಹೇಗೆ ನಿಂತಿತ್ತು? ಅದ್ಕೂ ಉತ್ತರ ಆ ತೊಟ್ಟಿಲೇ. ಹಳೇ ಕಾಲಿನ ಮಂಡಿಯ ಉರುಟು ತಟ್ಟೆಯ ಮೇಲಂಚು ತೊಟ್ಟಿಲಿನ ಅಂಚಿಗೆ ತಾಗಿ ನಿಂತಿತ್ತು, ಒಳಗೆ ಮಡ್ಚಲಿಕ್ಕೆ ಜಾಗ ಇರಲಿಲ್ಲ. ನಾನು ತೊಡೆಗೆ ಎರಡು ತೂತು ಸೇರಿಸಿದಾಗ ಮಂಡಿ 16 ಮಿಮೀ ಕೆಳಗೆ ಬಂತು, ಒರಗು ತಪ್ಪಿತು, ನುಣ್ಣಗಿನ ಪಿನ್, ಬಿತ್ತು. ನಾಲ್ಕು ದಿನ ನಾನು ಬೈತಾ ಇದ್ದದ್ದು ಉದ್ದ ಕಾಲನ್ನು, ಪಾಪ ಅದ್ರದ್ದು ತಪ್ಪೇ ಇಲ್ಲ. ಹಳೇ ಓನರಿಗೆ ಬೈದದ್ದನ್ನೂ ವಾಪಸ್ ತಗೊಂಡೆ, ಅವ ಮಾಡಿದ್ದು ಒಂದೂ ಹುಚ್ಚು ಕೆಲಸ ಅಲ್ಲ, ಅವನಿಗೆ ಬೇಕಿದ್ದ ವಾಕರ್ ಬೇರೆ, ಅಷ್ಟೆ.

ಆಮೇಲಿನ ಕೆಲಸ ಸುಲಭ. ತೊಟ್ಟಿಲು ಪೂರ್ತಿ ತೆಗೆದೆ, ಐದು ಪ್ಲೇಟ್ ದಪ್ಪ ಕಮ್ಮಿ ಆಯ್ತು. ಒಂದು ಪ್ಲೇಟ್ 3.2 ಮಿಮೀ, ಐದು ಅಂದ್ರೆ 16, ಅಂದ್ರೆ ಸರೀ ಎರಡು ಸ್ಟಡ್ (ಇಟ್ಟಿಗೆ ಮೇಲಿನ ಗುಬ್ಬಿ) ಅಗಲ. ಇಟ್ಟಿಗೆಯನ್ನು ಅಡ್ಡ ಮಲಗಿಸಿ ಕೆಲಸ ಮಾಡುವವ್ರಿಗೆ ಈ ಲೆಕ್ಕ ಬಾಯಿಪಾಠ ಇರಬೇಕು, ಐದು ಪ್ಲೇಟ್ ಎರಡು ಸ್ಟಡ್. ಕಾಲಿಗೆ ಐದು ತೂತು ಬೇಡ, ತೊಡೆಗೆ ಒಂದು, ಕೆಳಗೆ ಒಂದು, ಸಾಕು. ಈಗ ಹೊಟ್ಟೆ 130ಕ್ಕೆ 16, ಮತ್ತೆ 16, ಒಟ್ಟು 162. ಎತ್ತರ 346. ನೂರಕ್ಕೆ 46.8. ನಲ್ವತ್ತು ಮಿಮೀ ಕಾಲು ಸೇರಿಸಿ ಸಿಕ್ಕಿದ್ದಕ್ಕಿಂತ ಹೆಚ್ಚು, ಬರೀ ಹದಿನಾರು ಮಿಮೀ ಸೇರಿಸಿ. ಒಟ್ಟು ತೂಕವೂ ಅಡುಗೆ ಮನೆಯ ತಕ್ಕಡಿಯಲ್ಲಿ 1,140ರಿಂದ 1,050 ಗ್ರಾಮಿಗೆ ಇಳೀತು. ಅಮ್ಮನಿಗೆ ತೋರಿಸಿದೆ. "ಅಂತೂ ಕರು ಹಾಕ್ತು" ಅಂದ್ರು.

ಮಂಡಿಯ ಬೂದು ಪಿನ್ ಎಲ್ಲ ತೆಗೆದು ಕಪ್ಪು ಹಾಕಿದೆ. ನಾಲ್ಕೂ ಕಾಲು ನೆಟ್ಟಗೆ, ಗಟ್ಟಿ ನಿಂತಿತು. ಆದ್ರೆ ನಾಲ್ಕೂ ಕಾಲು ನೆಟ್ಟಗೆ ನಿಂತ ವಾಕರ್ ಅಂದ್ರೆ ಊಟದ ಮೇಜು. ನಡೆಯುವ ಹಾಗೆ ಕಾಣ್ಬೇಕಲ್ವಾ, ಹಾಗೆ ಮುಂದಿನ ಬಲಗಾಲು ಎತ್ತಿಸಿದೆ, ಫೋಟೋಗಳಲ್ಲಿ ಅದೇ ಚಂದ. ಎತ್ತಿಸಿ ಕೈ ಬಿಟ್ಟದ್ದೇ ತಡ ಬಲಗಡೆ ಮುಂದಕ್ಕೆ ಮಗುಚಿತು. ಎರಡನೇ ಸಲ.

ಮಂಡೆ ಭಾರ, ಗೊತ್ತಿತ್ತು. ಹೊಟ್ಟೆಯ ಅಡಿಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಎಲ್ಲಿ ಸಮ ತೂಗ್ತದೆ ನೋಡಿದೆ, ನಾಲ್ಕು ಕಾಲಿನ ಮಧ್ಯದಿಂದ 2 ಸೆಂಟಿಮೀಟರ್ ಮುಂದೆ. ಸರಿ, ಹಿಂದೆ ಭಾರ ಇಡುವ ಅಂತ ಹತ್ತು ರೂಪಾಯಿ ಕಾಯಿನ್ ಎಂಟು ಹಾಕಿದೆ, ಒಂದೊಂದು 7.71 ಗ್ರಾಮ್, ಒಟ್ಟು 62 ಗ್ರಾಮ್. ಸಮ ತೂಗುವ ಜಾಗ ಹಿಂದೆ ಬಂದದ್ದು ಬರೀ 5 ಮಿಮೀ. ಪೂರ್ತಿ ಸರಿ ಮಾಡ್ಲಿಕ್ಕೆ ಇನ್ನೂರೈವತ್ತು ಗ್ರಾಮಿಗಿಂತಲೂ ಹೆಚ್ಚು ಬೇಕು, ಅಷ್ಟು ಹಾಕಿದ್ರೆ ಸೊಂಟ ಉಳಿಯುದಿಲ್ಲ.

ಇಲ್ಲಿ ಆನೆ ನೆನಪಾಯ್ತು. ಆ ಸಿನೆಮಾಕ್ಕೆ ವಾಕರನ್ನು ಒಂದೊಂದೇ ಫ್ರೇಮ್ ಕೈಯಲ್ಲಿ ಜರುಗಿಸಿ ನಡೆಸಿದ್ದು ಫಿಲ್ ಟಿಪೆಟ್ ಮತ್ತೆ ಜಾನ್ ಬರ್ಗ್, ಹಿಮದ ಬದಲು ಅಡಿಗೆ ಸೋಡಾ ಹರಡಿ, ಸೆಟ್ಟಿನ ಅಡಿಯಿಂದ ಸಣ್ಣ ಬಾಗಿಲು ತೆಗೆದು ಮಂಡೆ ಮೇಲೆ ಹಾಕಿ ಕೆಲಸ. ನಡಿಗೆ ಹೇಗಿರಬೇಕು ಅಂತ ಗೊತ್ತಾಗ್ಲಿಕ್ಕೆ ಅವ್ರು ಆನೆ ನಡೆಯುದನ್ನು ಫಿಲ್ಮ್ ತೆಗೆದು ನೋಡಿದ್ದಾರೆ. ಆನೆ ನಮಗೆ ಹೊಸತಾ? ಧರ್ಮಸ್ಥಳದಲ್ಲಿ ಸಣ್ಣವ ಇರುವಾಗ ಆನೆಯ ಹಿಂದೆಯೇ ಹೋಗ್ತಾ ಇದ್ದೆ, ಆದ್ರೆ ಯಾವ ಕಾಲು ಮೊದಲು ಅಂತ ಯಾರು ನೋಡ್ತಾರೆ. ಈಗ ಮೊಬೈಲಲ್ಲಿ ಮೆರವಣಿಗೆಯ ವಿಡಿಯೋ ನಿಧಾನ ಮಾಡಿ ನೋಡಿದೆ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಆಚೆ ಬದಿಯಿಂದ ಈಚೆ ಬದಿಗೆ ಬರುವಾಗೆಲ್ಲ ಮೊದಲು ಏಳುದು ಹಿಂದಿನ ಕಾಲು.

ಒಂದು ಕಾಗದದಲ್ಲಿ ನಾಲ್ಕು ಚುಕ್ಕಿ ಹಾಕಿ ಒಂದನ್ನು ಅಳಿಸಿ ನೋಡಿ, ಉಳಿದ ಮೂರು ಸೇರಿ ತ್ರಿಕೋನ. ಭಾರದ ಚುಕ್ಕಿ ಆ ತ್ರಿಕೋನದ ಒಳಗೆ ಬಿದ್ರೆ ನಿಲ್ತದೆ, ಹೊರಗೆ ಬಿದ್ರೆ ಮಗುಚ್ತದೆ. ಮುಂದಿನ ಬಲಗಾಲು ಎತ್ತಿದ್ರೆ ತ್ರಿಕೋನದ ಓರೆ ಗೆರೆ ಮುಂದಿನ ಎಡದಿಂದ ಹಿಂದಿನ ಬಲಕ್ಕೆ ಹೋಗ್ತದೆ, ಅದು ಮಧ್ಯದ ಗೆರೆಯನ್ನು ದಾಟುದು ಸರೀ ನಡುವಲ್ಲಿ, ನನ್ನ ಭಾರ ಇರುದು ನಡುವಿಂದ 2 ಸೆಂಟಿಮೀಟರ್ ಮುಂದೆ, ಅಂದ್ರೆ ಹೊರಗೆ. ಅದೇ ಹಿಂದಿನ ಕಾಲು ಎತ್ತಿದ್ರೆ? ಮುಂದಿನ ಎರಡೂ ಕಾಲು ನೆಲದಲ್ಲಿ, ಭಾರ ಒಳಗೆ. ಮುಂದೆ ಭಾರ ಇದ್ದದ್ದು ತೊಂದ್ರೆಯೇ ಅಲ್ಲ, ನಾನು ಎತ್ತಿದ ಕಾಲು ತಪ್ಪು. ಕಾಯಿನ್ ಹಾಕಿ ಭಾರವನ್ನು ಹಿಂದೆ ಎಳೆದದ್ದು ಇದ್ದ ಅನುಕೂಲವನ್ನೂ ಕಮ್ಮಿ ಮಾಡಿದ ಹಾಗೆ. ಎಂಟೂ ಕಾಯಿನ್ ತೆಗೆದು ಕೆಳಗೆ ಹೋಗಿ ನಾಲ್ಕು ವಡಾಪಾವ್ ತಂದೆ.

ಹಿಂದಿನ ಬಲಗಾಲು ಅರ್ಧ ಎತ್ತಿ, ಬೆರಳ ತುದಿ ನೆಲಕ್ಕೆ ತಾಗಿಯೂ ತಾಗದ ಹಾಗೆ ಇಟ್ಟೆ. ನಿಂತಿತು. ಅದೂ ಎಂತ ಚಂದ ಗೊತ್ತುಂಟಾ, ಭುಜ ಮುಂದೆ ದೂಡಿದ ಹಾಗೆ, ಈಗ ಬರ್ತೇನೆ ಇರಿ ಅನ್ನುವ ಹಾಗೆ.

ಮೂರು ವಾರ ಹಾಗೇ ಇತ್ತು. ಆಮೇಲೆ ಗಣಪತಿ ಬಂದ. ಅನಂತ ಚತುರ್ದಶಿ ದಿನ ನಮ್ಮ ಗಲ್ಲಿಯಲ್ಲಿ ಢೋಲ್ ತಾಶಾ, ಅದ್ರ ಹಿಂದೆ ಸ್ಪೀಕರ್ ತುಂಬಿದ ಟ್ರಕ್, ಕಿಟಕಿ ಗಾಜು ಗಡಗಡ, ಪಾತ್ರೆ ಗಡಗಡ. ನಾನು ಮಧ್ಯಾಹ್ನ ಹೊರಟು ಮಾಟುಂಗಾದಲ್ಲಿ ಇಡ್ಲಿ ತಿಂದು ಲಾಲ್‌ಬಾಗ್ ಕಡೆ ಹೋಗಿದ್ದೆ, ರಾತ್ರಿ ಬಂದು ನೋಡುವಾಗ ವಾಕರ್ ಟೀವಿಯ ಹಿಂದೆ ಮಲಗಿದೆ. ಯಾರೂ ಮುಟ್ಟಲಿಲ್ಲ ಅಂತ ಮನೆಯವ್ರ ಸಾಕ್ಷಿ. ಕಪ್ಪು ಪಿನ್ನಿನ ಬಿಗಿ ಸುಮ್ನೆ ನಿಂತ ಭಾರಕ್ಕೆ ಸಾಕು, ಒಂದೇ ಸಮ ನಡುಗಿಸಿದ್ರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರ್ತದೆ, ಆರು ಗಂಟೆ ಢೋಲ್ ಬಡಿದ್ರೆ ಆರು ಗಂಟೆ ಜಾರಿದೆ. ಮನುಷ್ಯನಿಗೇ ಆ ದಿನ ಮಂಡಿ ನಿಲ್ಲುದಿಲ್ಲ.

ಹಾಗೆ ಕಡೆಯ ತೀರ್ಮಾನ ಮಾಡ್ಬೇಕಾಯ್ತು, ಮಂಡಿ ಮಡ್ಚುದು ಬೇಕಾ ಬೇಡ್ವಾ. ಮಂಡಿಯ ತಟ್ಟೆಯ ಹಿಂದೆ ಒಂದು ಸಪೂರ ಬೀಮ್ ಓರೆಯಾಗಿ ಹಾಕಿದೆ, ಒಂದು ತುದಿ ತೊಡೆಗೆ, ಇನ್ನೊಂದು ತುದಿ ಕೆಳಗಿನ ಕಾಲಿಗೆ. ಒಂದೇ ಪಿನ್ ಇದ್ರೆ ಅದು ಕೀಲು, ಮೂರು ಕಡೆ ಹಿಡಿದ್ರೆ ತ್ರಿಕೋನ, ತ್ರಿಕೋನಕ್ಕೆ ಜಾರ್ಲಿಕ್ಕೆ ಜಾಗ ಇಲ್ಲ. ಇನ್ನು ಈ ವಾಕರ್ ಭಂಗಿ ಬದಲಿಸ್ಬೇಕಾದ್ರೆ ಎಂಟು ಪಿನ್ ಕೀಳ್ಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದು ನಷ್ಟದ ವ್ಯಾಪಾರ, ನನ್ನ ಅಕ್ಕನ ಮಗ ಬಂದು ಕಾಲು ತಿರುಗಿಸ್ಲಿಕ್ಕೆ ನೋಡಿ "ಮಾಮ ಇದು ಹಾಳಾಗಿದೆ" ಅಂತ ಹೇಳಿ ಹೋದ. ನಂಗೆ ಪರ್ವಾಗಿಲ್ಲ, ಬೀಳುದಿಲ್ಲ.

ಕಾಲು ಸರಿಯಾದ ಮೇಲೆ ಮಂಡೆಯ ತಪ್ಪು ಕಾಣ್ಲಿಕ್ಕೆ ಶುರು ಆಯ್ತು, ಯಾವಾಗ್ಲೂ ಹಾಗೇ. ಮಂಡೆ ಬೆನ್ನಿನ ಗೆರೆಗೆ ಸಮಾ ಬರ್ತಿತ್ತು, ಸಿನೆಮಾದಲ್ಲಿ ಚೂರು ತಗ್ಗಿ ಇರ್ತದೆ, ಹುಬ್ಬಿನ ಅಡಿಯಿಂದ ನೋಡುವ ಹಾಗೆ. ಕುತ್ತಿಗೆಯ ಕೂಡಿಕೆಯಲ್ಲಿ ಎರಡು ಪ್ಲೇಟ್ ತೆಗೆದೆ, 6.4 ಮಿಮೀ. ಸಾಕಾಗ್ಲಿಲ್ಲ, ಮೂರು ತೆಗೆದ್ರೆ ಗಲ್ಲ ಎದೆಗೆ ತಾಗ್ತದೆ. ಕಡೆಗೆ ಬ್ರಾಕೆಟ್ (ಎಲ್ ಆಕಾರದ ತುಂಡು) ಹಾಕಿದೆ, ಬ್ರಾಕೆಟ್ಟಿನ ತಗಡು ಅರ್ಧ ಪ್ಲೇಟ್ ದಪ್ಪ, 1.6 ಮಿಮೀ, ಅದನ್ನು ಸೇರಿಸಿ ಸರೀ 8. ಈ 1.6 ಮಿಮೀಗೆ ಎರಡು ಸಂಜೆ ಹೋದದ್ದು ಯಾರಿಗೂ ಹೇಳ್ಬೇಡಿ. ಮಂಡೆಯ ಉದ್ದವೂ ಎರಡು ಸ್ಟಡ್ ಹೆಚ್ಚಿತ್ತು, ಕತ್ತರಿಸಿದೆ, ಪೈಲಟಿನ ಸೀಟ್ ಹೋಯ್ತು. ಒಬ್ಬ ಪೈಲಟನ್ನು ಸೊಂಟದಿಂದ ಮೇಲೆ ಮಾತ್ರ ಕೂರ್ಸಿದ್ದೇನೆ, ಅವನ ಕಾಲು ಬೇರೆ ಡಬ್ಬಿಯಲ್ಲಿ ಉಂಟು.

ಮೈಯ ಬದಿಯ ಹಲಗೆ ಇನ್ನೊಂದು ಗಲಾಟೆ. ಕೆಳಗಿನ ಹಲಗೆ ಒಳಗೆ ಓರೆ ಬರಬೇಕು, ನಂದು ಹಿಂಜಿನಲ್ಲಿ ಸುಮ್ನೆ ನೇತಾಡ್ತಿತ್ತು, ಮುಟ್ಟಿದ್ರೆ ಕೋನ ಬದಲಾಗ್ತದೆ. ಕೋನ ಗಟ್ಟಿ ಮಾಡ್ಲಿಕ್ಕೆ ಟೆಕ್ನಿಕ್‌ನವ್ರು ಹೇಳುವ 3-4-5 ತ್ರಿಕೋನ ಹಾಕುವ ಅಂತ ಹೊರಟೆ, ಸ್ಕೂಲಲ್ಲಿ ಕಲಿತ ಪೈಥಾಗೊರಸ್, 9ಕ್ಕೆ 16 ಸೇರಿದ್ರೆ 25. ಮೂರು ತೂತಿನ ಬೀಮ್, ನಾಲ್ಕು ತೂತಿನದ್ದು, ಐದು ತೂತಿನದ್ದು ತಗೊಂಡು ಜೋಡಿಸಿದೆ, ಕೂರುದಿಲ್ಲ. ಒತ್ತಿ ಕೂರ್ಸಿದೆ. ಬೆಳಿಗ್ಗೆ ನೋಡಿದ್ರೆ ಬೀಮ್ ಬಾಗಿ ಬಾಗಿದ ಕಡೆ ಬೆಳ್ಳಗೆ ಗೀಟು ಬಿದ್ದಿದೆ, ಎಬಿಎಸ್ ಪ್ಲಾಸ್ಟಿಕ್ಕಿಗೆ ಆ ಬಿಳಿ ಗೀಟು ಬಂದ್ರೆ ಆಯಿತು ಅದ್ರ ಆಯುಷ್ಯ. ಯಾಕೆ ಕೂರಲಿಲ್ಲ? 3, 4, 5 ಅಂದ್ರೆ ತೂತಿನ ಲೆಕ್ಕ ಅಲ್ಲ, ತೂತುಗಳ ನಡುವಿನ ಅಂತರದ ಲೆಕ್ಕ. ಬೇಲಿಗೆ ನಾಲ್ಕು ಗೂಟ ಹಾಕಿದ್ರೆ ನಡುವೆ ಇರುದು ಮೂರೇ ಸಂದು. ಅಂದ್ರೆ 4, 5, 6 ತೂತಿನ ಬೀಮ್ ಬೇಕು. ನಾನು ಕಟ್ಟಿದ್ದು 2-3-4ರ ತ್ರಿಕೋನ, 4ಕ್ಕೆ 9 ಸೇರಿದ್ರೆ 13, ಬೇಕಾದ್ದು 16, ಹೇಗೆ ಕೂರ್ತದೆ. ಸರಿ ಬೀಮ್ ಹಾಕಿದ ಮೇಲೆ ಬೆರಳಲ್ಲಿ ಚೂರು ದೂಡಿದ್ರೆ ಸಾಕು, ಟಕ್ ಅಂತ ಕೂತಿತು. ಕೋನ 36.87 ಡಿಗ್ರಿ, ಫೋಟೋಗೆ ಹಿಡಿದು ನೋಡಿದ್ರೆ ಒಂದೆರಡು ಡಿಗ್ರಿ ಹೆಚ್ಚೇ, ಆದ್ರೆ ಅಲುಗುದಿಲ್ಲ. ಅಲುಗದ ಸಣ್ಣ ತಪ್ಪು ಅಲುಗುವ ಸರಿಗಿಂತ ನಂಗೆ ಒಳ್ಳೇದು.

ಬಣ್ಣದ ವಿಷಯ. ಹಳೇ ಬೂದು ಬಿಸಿಲಿಗೆ ಹಳದಿ ಆದದ್ದಲ್ಲ, ಅದ್ರ ಹುಟ್ಟು ಬಣ್ಣವೇ ಹಾಗೆ, ಪೆರಾಕ್ಸೈಡ್ ಹಚ್ಚಿ ತೊಳೆದ್ರೆ ಏನೂ ಆಗ್ಲಿಕ್ಕಿಲ್ಲ, ದಯವಿಟ್ಟು ಯಾರೂ ಪ್ರಯೋಗ ಮಾಡ್ಬೇಡಿ. ಕಾಲಿನ ಹೊರಮೈಯ ತುಂಡು ಮಾತ್ರ ಹೊಸ ಬೂದು ತರಿಸಿದೆ, ಒಳಗಿಂದು ಹಳೇದೇ. ಬ್ರಿಕ್‌ಲಿಂಕಿನಲ್ಲಿ (ಬಿಡಿ ಲೆಗೊ ತುಂಡು ಸಿಗುವ ವೆಬ್‌ಸೈಟ್) ತುಂಡು ಹುಡುಕಿದ್ರೆ ಒಂದೊಂದು ನಾಲ್ಕು ರೂಪಾಯಿ ಹತ್ತು ರೂಪಾಯಿ ಅಂತ ಕಾಣ್ತದೆ, ಖುಷಿ ಆಗ್ತದೆ, ಕಡೆಗೆ ಸಾಗಾಟ ಮತ್ತೆ ಡ್ಯೂಟಿ ಸೇರಿಸಿದ್ರೆ ಖುಷಿ ಇಳಿತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70. ನಾನು ತರಿಸಿದ್ದು 92 ತುಂಡು, ಎಲ್ಲ ಸೇರಿ 3,100 ರೂಪಾಯಿ, ಬರ್ಲಿಕ್ಕೆ ಆರು ವಾರ. ಅಷ್ಟರೊಳಗೆ ತಡೆಯದೆ ಮುಂಬೈಯ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಪೇಟೆಗೆ ಹೋಗಿ ಕಿಲೋ ಲೆಕ್ಕದ ಚೀನಾ ಇಟ್ಟಿಗೆಯೂ ತಂದಿದ್ದೆ. ಹೊರಗಿನ ಅಲಂಕಾರಕ್ಕೆ ಅಡ್ಡಿಲ್ಲ, ಕೀಲಿಗೆ ಬೇಡ, ಒಂದು ಪಿನ್ ಒಳಗೆ ಹೋಗುದೇ ಇಲ್ಲ, ಇನ್ನೊಂದು ಹಾಕಿದ್ದೇ ಬಿದ್ದು ಹೋಗ್ತದೆ.

ಒಟ್ಟು ಲೆಕ್ಕ ಹತ್ತು ಸಾವಿರದ ಹತ್ತಿರ ಬಂತು, ಮುರಿದ ಬೀಮ್ ಮತ್ತೆ ವಡಾಪಾವ್ ಬಿಟ್ಟು. ಕೆಲಸದ ಕ್ರಮ ಪುನಃ ಮಾಡುದಾದ್ರೆ ಹೊಟ್ಟೆ ಮೊದಲು ಬಿಚ್ತೇನೆ, ಸ್ಕೇಲ್ ಹಿಡಿಯುವ ಮೊದಲೇ. ಒಳಗೆ ಎಂತ ಉಂಟು ಅಂತ ನೋಡಿದ್ರೆ ಬೂದು ಪಿನ್ ಯಾಕೆ, ಗಿಡ್ಡ ಕಾಲು ಯಾಕೆ ಎಲ್ಲ ಒಂದೇ ಸಂಜೆಯಲ್ಲಿ ಗೊತ್ತಾಗ್ತಿತ್ತು.

ಇನ್ನೂ ಆಗದೇ ಉಳಿದದ್ದು ಉಂಟು. ಎಡ ಬದಿಯ ಹಿಂದಿನ ಹಲಗೆಯಲ್ಲಿ 2 ಮಿಮೀ ಸಂದು, ಸಂಜೆ ಕಿಟಕಿಯ ಬೆಳಕು ಆಚೆಯಿಂದ ಈಚೆಗೆ ತೂರ್ತದೆ. ಪಾದ ನಾಲ್ಕೂ ಸ್ವಲ್ಪ ಸಣ್ಣವು, ಅದ್ಕೆ ಬೇಕಾದ ಉರುಟು ತಟ್ಟೆ ಹೊಸ ಬೂದಿನಲ್ಲಿ ನಾಲ್ಕು ಒಟ್ಟಿಗೆ ಒಂದೇ ಕಡೆ ಸಿಕ್ತಾ ಇಲ್ಲ. ಕಳೆದುಹೋದ ಗಲ್ಲದ ಗನ್ನಿನ ಬದಲು ಸದ್ಯಕ್ಕೆ ಬಾಲ್‌ಪೆನ್ನಿನ ರೀಫಿಲ್ ತುಂಡೊಂದು ಇಟ್ಟಿದ್ದೇನೆ, ಮೂರು ಅಡಿ ದೂರದಿಂದ ಗೊತ್ತಾಗುದಿಲ್ಲ.